ಫೀಸು ಕಟ್ಟುವ ಮುಂಚೆ

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ ಪೇಟೆ ಬೀದಿಯಲ್ಲಿ ಹೋಗುತ್ತಿದ್ದೆ. ಗಿರವಿ ಅಂಗಡಿಯ ಮುಂದೆ ನಮ್ಮ ಸ್ಪಿನ್ನಿಂಗ್ ಖಾತೆಯ ಇಬ್ಬರು ನಿಂತಿದ್ದರು. ಒಬ್ಬರ ಕೈಯಲ್ಲಿ ಕರವಸ್ತ್ರದ ಗಂಟು. ಒಳಗೆ ಏನಿದೆಯೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಧ್ಯಾಹ್ನ ಅದೇ ಇಬ್ಬರು ಒಂದು ಇಂಗ್ಲಿಷ್ ಶಾಲೆಯ ಆಫೀಸಿನ ಕಿಟಕಿಯ ಮುಂದೆ ರಸೀದಿಗಾಗಿ ಕಾಯುತ್ತಿದ್ದರು. ಆಗ ನನಗೆ ಗಂಟಿನೊಳಗಿದ್ದುದು ಏನೆಂದು ತಿಳಿಯಿತು.

ಇನ್ನು ಮೂರು ವಾರಕ್ಕೆ ಶಾಲೆಗಳು ತೆರೆಯುತ್ತವೆ. ಈ ಸಲವೂ ಆ ಎರಡು ಸಾಲುಗಳು ನಿಲ್ಲುತ್ತವೆ. ಅದಕ್ಕೆ ಮುಂಚೆ ಒಂದು ಸಂಜೆ ಕೂತು ಲೆಕ್ಕ ಹಾಕೋಣ ಎಂದು ನಿಮ್ಮನ್ನು ಕರೆಸಿದ್ದು. ನಾನು ಮೂವತ್ತು ವರ್ಷ ಗಿರಣಿಯ ಹಾಜರಿ ಪುಸ್ತಕ ಬರೆದವನು. ಮಾತಿಗಿಂತ ಲೆಕ್ಕ ನನಗೆ ಸುಲಭ.

ಮೊದಲು ಒಂದು ಮಾತು. ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುವ ತಂದೆತಾಯಂದಿರನ್ನು ಹೀಯಾಳಿಸಲು ನಾನು ಇಲ್ಲಿ ನಿಂತಿಲ್ಲ. ತನ್ನ ಮಗ ತನ್ನಂತೆ ಹತ್ತಿಯ ಧೂಳು ಕುಡಿಯಬಾರದು, ತನ್ನ ಮಗಳು ತನ್ನಂತೆ ಪಾಳಿಯ ಸೈರನ್ನಿಗೆ ಓಡಬಾರದು ಎಂದು ಬಯಸುವುದು ತಪ್ಪೇ? ಆ ಬಯಕೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಬಯಕೆಗೆ ಯಾರು ಎಷ್ಟು ಬೆಲೆ ಕಟ್ಟಿ ಮಾರುತ್ತಿದ್ದಾರೆ, ಕೊಟ್ಟ ದುಡ್ಡಿಗೆ ತೂಕ ಸರಿಯಾಗಿ ಬರುತ್ತಿದೆಯೇ, ಇಷ್ಟೇ ನನ್ನ ಪ್ರಶ್ನೆ. ಪೇಟೆಯ ಗೆಳೆಯರು ತಕ್ಕಡಿ ಹಿಡಿದವರು. ಅವರಿಗೆ ಇದು ಬೇಗ ಅರ್ಥವಾದೀತು.

ನಮ್ಮ ಕೇರಿಯ ಒಬ್ಬ ಕೆಲಸಗಾರರ ಒಪ್ಪಿಗೆ ಪಡೆದು ಅವರ ಲೆಕ್ಕವನ್ನು ತಂದಿದ್ದೇನೆ. ಹೆಸರು ಬೇಡ. ತಿಂಗಳಿಗೆ ಕೈಗೆ ಬರುವುದು 13,000 ರೂಪಾಯಿ. ಎರಡನೆಯ ತರಗತಿಯ ಮಗ. ಶಾಲೆಯವರು ಹೇಳಿದ ಫೀಸು 22,000. “ವರ್ಷಕ್ಕೆ ಇಪ್ಪತ್ತೆರಡು ಸಾವಿರ ತಾನೇ, ಹೇಗೋ ಹೊಂದಿಸುತ್ತೇನೆ” ಎಂದು ಸೇರಿಸಿದರು. ಆಮೇಲೆ ಬಂದದ್ದನ್ನು ಬರೆದುಕೊಳ್ಳಿ. ಶಾಲೆಯೇ ಮಾರುವ ಪುಸ್ತಕ 4,200. ಎರಡು ಬಗೆಯ ಸಮವಸ್ತ್ರ, ಕಪ್ಪು ಬೂಟು ಒಂದು ಜೊತೆ, ಬಿಳಿ ಬೂಟು ಒಂದು ಜೊತೆ, ಎಲ್ಲ ಸೇರಿ 3,800. ವ್ಯಾನಿಗೆ ತಿಂಗಳಿಗೆ 900ರಂತೆ ಹತ್ತು ತಿಂಗಳಿಗೆ 9,000. ವಾರ್ಷಿಕೋತ್ಸವದ ಉಡುಪು, ಫೋಟೋ, ಪ್ರಾಜೆಕ್ಟು, ಟೀಚರ ದಿನದ ವಂತಿಗೆ ಇತ್ಯಾದಿ 2,000. ಇಷ್ಟು ಸಾಲದೆಂಬಂತೆ, ಮನೆಯಲ್ಲಿ ಇಂಗ್ಲಿಷ್ ಪಾಠ ಹೇಳಿಕೊಡುವವರಿಲ್ಲ ಎಂದು ಸಂಜೆಯ ಟ್ಯೂಷನ್ನಿಗೆ ತಿಂಗಳಿಗೆ 500, ಅಂದರೆ 5,000. ಕೂಡಿಸಿ ನೋಡಿ: 46,000. ಹೇಳಿದ ಫೀಸಿನ ಎರಡರಷ್ಟಕ್ಕಿಂತ ಹೆಚ್ಚು. ಅವರ ಮೂರೂವರೆ ತಿಂಗಳ ಸಂಬಳ! ಅದರಲ್ಲಿ 30,000ವನ್ನು ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದಾರೆ. ತಿಂಗಳಿಗೆ 900 ಬಡ್ಡಿ, ಹತ್ತು ತಿಂಗಳಿಗೆ 9,000. ಅದನ್ನು ಶಾಲೆಯ ಖರ್ಚಿನಲ್ಲಿ ಅವರು ಬರೆದಿರಲೇ ಇಲ್ಲ. “ಅದು ಸಾಲದ ಲೆಕ್ಕ, ಬೇರೆ” ಎಂದರು. ಬೇರೆ ಹೇಗೆ ಆಗುತ್ತದೆ?

ಕಿರಾಣಿ ಅಂಗಡಿಯವರೇ, ಜೂನ್ ಜುಲೈ ತಿಂಗಳಲ್ಲಿ ನಿಮ್ಮ ಉದ್ರಿ ಪುಸ್ತಕ ಏಕೆ ದಪ್ಪವಾಗುತ್ತದೆಂದು ಯೋಚಿಸಿದ್ದೀರಾ? ಬಟವಾಡೆಯ ದಿನ ನಿಮ್ಮ ಅಂಗಡಿಗೆ ಬರಬೇಕಾದ ಹಣ ಶಾಲೆಯ ಕಿಟಕಿಯೊಳಗೆ ಹೋಗಿರುತ್ತದೆ. ಬೇಳೆ ಸಾಲಕ್ಕೆ, ಬೂಟು ನಗದಿಗೆ. ನೀವೂ ಅದೇ ತಿಂಗಳು ನಿಮ್ಮ ಮಗುವಿನ ಫೀಸು ಕಟ್ಟಬೇಕು. ಆದುದರಿಂದ ಸಗಟು ವ್ಯಾಪಾರಿಯ ಬಳಿ ನೀವು ಉದ್ರಿ ಹೇಳುತ್ತೀರಿ.

ಆಯಿತು, ಕೊಟ್ಟೆವು. ಕೊಂಡದ್ದೇನು?

“ಖಾಸಗಿ ಶಾಲೆಯ ಮಕ್ಕಳು ಚೆನ್ನಾಗಿ ಓದುತ್ತಾರೆ, ಕಣ್ಣಿಗೆ ಕಾಣುವುದಿಲ್ಲವೇ?” ಎಂದು ನೀವು ಕೇಳುವಿರಿ. ಕಾಣುತ್ತದೆ. ಆದರೆ ಆ ಶಾಲೆಗೆ ಹೋಗುವ ಮಗು ಯಾರ ಮನೆಯದು? ತಾಯಿ ಓದಿದವಳು, ತಂದೆಗೆ ತಿಂಗಳ ಸಂಬಳ ನಿಶ್ಚಯ, ಮನೆಯಲ್ಲಿ ಪತ್ರಿಕೆ ಬರುತ್ತದೆ, ರಾತ್ರಿ ಕೂತು ಓದಲು ಒಂದು ಮೂಲೆ ಇದೆ. ಮಗು ಓದಿದ್ದು ಶಾಲೆಯಿಂದಲೋ ಮನೆಯಿಂದಲೋ? ಫಲವತ್ತಾದ ಹೊಲದವನು ತನ್ನ ಬೆಳೆಯನ್ನು ತೋರಿಸಿ ಬೀಜ ಮಾರಿದ ಹಾಗೆ ಇದು.

ಇದನ್ನು ಬಿಡಿಸಿ ನೋಡಬೇಕಾದರೆ ಒಂದೇ ಬಗೆಯ ಮನೆಯ ಮಕ್ಕಳಲ್ಲಿ ಕೆಲವರನ್ನು ಅಲ್ಲಿಗೂ ಕೆಲವರನ್ನು ಇಲ್ಲಿಗೂ ಕಳಿಸಿ ವರ್ಷಗಟ್ಟಲೆ ಕಾಯಬೇಕು. ಅಂಥದೊಂದು ಪ್ರಯೋಗ ನಮ್ಮ ನೆರೆಯ ಆಂಧ್ರದಲ್ಲಿ ನಡೆದಿದೆ. ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ, ಸರ್ಕಾರಿ ಶಾಲೆಯ ಮಕ್ಕಳಲ್ಲಿ ಒಪ್ಪಿದವರ ನಡುವೆ ಲಾಟರಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಖರ್ಚನ್ನು ಕೊಟ್ಟರು. ಲಾಟರಿಯಾದುದರಿಂದ ಗೆದ್ದವರ ಮನೆಗೂ ಸೋತವರ ಮನೆಗೂ ಭೇದವಿಲ್ಲ. ನಾಲ್ಕು ವರ್ಷ ಕಾದು ಪರೀಕ್ಷೆ ಮಾಡಿದರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಇದರ ವರದಿಯನ್ನು ಪ್ರಕಟಿಸಿದರು. ತೆಲುಗಿನಲ್ಲಿಯೂ ಗಣಿತದಲ್ಲಿಯೂ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇಂಗ್ಲಿಷಿನಲ್ಲಿ ಕೂಡ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯ ಮಕ್ಕಳು ಬಹಳ ಮುಂದೆ. ಕಾರಣ ಸರಳ: ಸರ್ಕಾರಿ ಶಾಲೆಯಲ್ಲಿ ಅದನ್ನು ಅಷ್ಟಾಗಿ ಕಲಿಸುತ್ತಿರಲಿಲ್ಲ.

ನಾನು ನಿಮಗೆ ಅನುಕೂಲವಾದ ಅರ್ಧವನ್ನಷ್ಟೇ ಹೇಳಿ ಕೂರಬಾರದು. ಅದೇ ವರದಿಯಲ್ಲಿ ಇನ್ನೊಂದು ಅರ್ಧವಿದೆ. ಖಾಸಗಿ ಶಾಲೆಗಳು ತೆಲುಗಿಗೂ ಗಣಿತಕ್ಕೂ ಕಡಿಮೆ ಹೊತ್ತು ಕೊಟ್ಟು ಅಷ್ಟೇ ಫಲ ತೆಗೆದವು. ಉಳಿದ ಹೊತ್ತನ್ನು ಬೇರೆ ವಿಷಯಗಳಿಗೆ ಕೊಟ್ಟವು. ಅಲ್ಲಿ ಉಪಾಧ್ಯಾಯರು ಗೈರುಹಾಜರಾಗುವುದು ಕಡಿಮೆ. ಮಗುವೊಂದಕ್ಕೆ ಆಗುವ ಖರ್ಚು ಸರ್ಕಾರಿ ಶಾಲೆಯ ಖರ್ಚಿನ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಇದನ್ನು ಓದಿ, ನೋಡಿ ಖಾಸಗಿಯವರು ಎಷ್ಟು ಸಮರ್ಥರು ಎಂದು ಹೇಳುವವರಿದ್ದಾರೆ. ಗೈರುಹಾಜರಿಯ ಮಾತಿಗೆ ನಾವು ತಲೆ ತಗ್ಗಿಸಲೇಬೇಕು. ಆದರೆ ಆ ಅಗ್ಗದ ಗುಟ್ಟೇನು? ಗಿರಣಿಯಲ್ಲಿ ಕೆಲಸ ಮಾಡಿದವರಿಗೆ ನಾನು ಬಿಡಿಸಿ ಹೇಳಬೇಕೇ? ಸಂಬಳ! ನಮ್ಮ ಕೇರಿಯಲ್ಲೇ ಬಾಡಿಗೆಗಿರುವ ಒಬ್ಬ ಹೆಣ್ಣುಮಗಳು ಬಿ.ಎಡ್. ಮಾಡಿಕೊಂಡು ತಿಂಗಳಿಗೆ ಒಂಬತ್ತು ಸಾವಿರಕ್ಕೆ ಪಾಠ ಹೇಳುತ್ತಾಳೆ. ಬೇಸಗೆ ರಜೆಗೆ ಸಂಬಳವಿಲ್ಲ. ಬೇರೆ ಶಾಲೆ ಐನೂರು ಹೆಚ್ಚು ಕೊಟ್ಟರೆ ನಡುವರ್ಷದಲ್ಲಿ ಹೋಗುತ್ತಾಳೆ. ಹೋಗದೆ ಇನ್ನೇನು ಮಾಡಿಯಾಳು? (ನಡುವೆ ಒಂದು ವಿಷಯ: ಐದು ವರ್ಷ ತುಂಬಿದ ಖಾಸಗಿ ಶಾಲೆಯ ಉಪಾಧ್ಯಾಯರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂಬ ಕಾನೂನನ್ನು ಸುಪ್ರೀಂ ಕೋರ್ಟು 2022ರ ಆಗಸ್ಟಿನಲ್ಲಿ ಎತ್ತಿಹಿಡಿದಿದೆ. ಆ ಹೆಣ್ಣುಮಗಳಿಗೆ ಇದು ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿಯೂ ಅಂಥವರಿದ್ದರೆ ತಿಳಿಸಿ.)

ಆಂಧ್ರದ ಆ ಶಾಲೆಗಳು ಹಳ್ಳಿಯ ಸಣ್ಣ ಶಾಲೆಗಳು. ಲಕ್ಷಗಟ್ಟಲೆ ಫೀಸಿನ ಬೆಂಗಳೂರಿನ ಶಾಲೆಗಳಿಗೆ ಆ ಫಲ ಅನ್ವಯಿಸುತ್ತದೆಂದು ನಾನು ಹೇಳಲಾರೆ. ಆದರೆ ನಮ್ಮಂಥವರು ಸೇರಿಸುವುದು ಯಾವ ಶಾಲೆಗೆ? ಕಲ್ಯಾಣಮಂಟಪದ ಹಿಂದಿನ ಎರಡಂತಸ್ತಿನ ಕಟ್ಟಡ, ಆಟದ ಬಯಲಿಲ್ಲ, ಬೋರ್ಡಿನ ಮೇಲೆ ‘ಇಂಟರ್‌ನ್ಯಾಷನಲ್’. ಆ ಜಾತಿಯ ಶಾಲೆಗೆ ಆ ಲೆಕ್ಕ ಚೆನ್ನಾಗಿ ಹೊಂದುತ್ತದೆ.

“ಇಂಗ್ಲಿಷ್ ಬೇಡವೇ?” ಎಂಬ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಬೇಕು. ಇಂಗ್ಲಿಷ್ ಬೇಡವೆಂದು ವೇದಿಕೆಯ ಮೇಲೆ ಹೇಳಿ ತಮ್ಮ ಮೊಮ್ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವರ ಭಾಷಣ ಕೇಳಿ ನಿಮಗೆ ಸಾಕಾಗಿದೆ, ನನಗೂ ಸಾಕಾಗಿದೆ. ಆದರೆ ಇಂಗ್ಲಿಷನ್ನು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಆ ಭಾಷೆ ಕೇಳದ ಮಗುವಿಗೆ ಆರನೆಯ ವಯಸ್ಸಿನಲ್ಲಿ ಅದರಲ್ಲಿಯೇ ಕೂಡುವ ಕಳೆಯುವ ಲೆಕ್ಕ ಹೇಳಿದರೆ, ಅದು ಲೆಕ್ಕವನ್ನೂ ಕಲಿಯುವುದಿಲ್ಲ, ಭಾಷೆಯನ್ನೂ ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಟೀಚರಿಗೂ ಆ ಭಾಷೆ ಅರೆಬರೆ ಬರುವುದಾದರೆ ಕೇಳಲೇಬೇಡಿ.

ಕರ್ನಾಟಕ ಸರ್ಕಾರ 1994ರಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿಯೇ ಪಾಠವಾಗಬೇಕೆಂದು ಆಜ್ಞೆ ಹೊರಡಿಸಿತ್ತು. ಇಪ್ಪತ್ತು ವರ್ಷ ಕೋರ್ಟು ಕಚೇರಿ ಅಲೆದು, 2014ರ ಮೇ 6ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಮಾಧ್ಯಮವನ್ನು ಆರಿಸಿಕೊಳ್ಳುವುದು ತಂದೆತಾಯಂದಿರ ಸ್ವಾತಂತ್ರ್ಯ ಎಂದಿತು. ಸರಿ, ಸ್ವಾತಂತ್ರ್ಯ ನಮ್ಮ ಕೈಗೆ ಬಂತು. ಹಾಗಾದರೆ ಆರಿಸುವ ಭಾರವೂ ನಮ್ಮದೇ. ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಇಲ್ಲವೆಂಬ ಮಾತು ಈಗ ಹಳತಾಯಿತು. 2007-08ರಿಂದ ಒಂದನೆಯ ತರಗತಿಯಿಂದಲೇ ಅದು ಒಂದು ವಿಷಯ. 2019-20ರಲ್ಲಿ ಸುಮಾರು 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನೇ ತೆರೆದರು. ಅಲ್ಲಿ ಹೇಗೆ ಕಲಿಸುತ್ತಾರೆ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ಹೋಗಿ ನೋಡದೆ ಹೇಳುವಂತಿಲ್ಲ.

ಇಲ್ಲಿಗೆ ಬರುವ ಮುಂಚೆ ಬಟ್ಟೆ ಅಂಗಡಿಯ ಗೆಳೆಯರೊಬ್ಬರು ನನ್ನನ್ನು ತಡೆದು, “ಇಷ್ಟೆಲ್ಲ ಹೇಳುತ್ತೀರಲ್ಲ ಸ್ವಾಮಿ, ನಿಮ್ಮ ಮಕ್ಕಳನ್ನು ಎಲ್ಲಿ ಓದಿಸಿದಿರಿ?” ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ಹೇಳಿಬಿಡುತ್ತೇನೆ.

ನನಗೆ ಇಬ್ಬರು. ದೊಡ್ಡವನು ಮಗ, ಚಿಕ್ಕವಳು ಮಗಳು. 2004ರಲ್ಲಿ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದೆ. ಎರಡು ವರ್ಷ ಬಿಟ್ಟು ಮಗಳನ್ನು ಕೇರಿಯ ಸರ್ಕಾರಿ ಶಾಲೆಗೆ ಸೇರಿಸಿದೆ. ಇಬ್ಬರಿಗೂ ಕಟ್ಟಲು ಆಗುತ್ತಿರಲಿಲ್ಲ. ಯಾರಿಗೆ ಕಟ್ಟುವುದೆಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಅದು ಮೊದಲೇ ತೀರ್ಮಾನವಾಗಿದ್ದಂತೆ ನಡೆದುಹೋಯಿತು. ಸಭೆಗಳಲ್ಲಿ ಸಮಾನತೆಯ ಮಾತಾಡುತ್ತಿದ್ದವನೂ ನಾನೇ, ಹಾಗೆ ಮಾಡಿದವನೂ ನಾನೇ. ನಾನೊಬ್ಬನೇ ಅಲ್ಲ. ಹಳ್ಳಿಗಾಡಿನ ಸಮೀಕ್ಷೆಗಳನ್ನು ನೋಡಿ, ಖಾಸಗಿ ಶಾಲೆಯಲ್ಲಿ ಗಂಡುಮಕ್ಕಳ ಪಾಲು ಹೆಣ್ಣುಮಕ್ಕಳದಕ್ಕಿಂತ ಹೆಚ್ಚು.

ಮಗನ ಫೀಸಿಗೆ ಹೆಂಡತಿಯ ಎರಡು ಬಳೆ ಗಿರವಿ ಇಟ್ಟೆ. ಬಿಡಿಸಲಾಗದೆ 2009ರಲ್ಲಿ ಅವು ಹರಾಜಾದವು. 2011ರಲ್ಲಿ ಗಿರಣಿಯಲ್ಲಿ ಒಂದು ಪಾಳಿ ನಿಂತಿತು, ಓವರ್‌ಟೈಮೂ ಹೋಯಿತು. ಏಳನೆಯ ತರಗತಿ ಮುಗಿದ ಮಗನನ್ನು ಬಿಡಿಸಿ ಸರ್ಕಾರಿ ಶಾಲೆಗೆ ಸೇರಿಸಲು ಹೋದರೆ, ಬಾಕಿ ಕಟ್ಟುವವರೆಗೆ ಟಿ.ಸಿ. ಕೊಡುವುದಿಲ್ಲ ಎಂದರು. ಚೀಟಿ ಎತ್ತಿ ಕಟ್ಟಿದೆ. ಆ ಹೊತ್ತಿಗೆ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂದು ಒಂದು ವರ್ಷ ಕಳೆದಿತ್ತು. ಎಂಟನೆಯ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬೇಕೆಂದರೆ ಮುಖ್ಯೋಪಾಧ್ಯಾಯರು ಕೂಡಲೆ ಟಿ.ಸಿ. ಕೊಡಬೇಕು, ಅದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಸೇರಿಸಿಕೊಳ್ಳದೆ ಇರಬಾರದು ಎಂದು ಅದರ 5ನೆಯ ಕಲಮು ಹೇಳುತ್ತದೆ. ಕೆಲಸಗಾರರ ಕಾನೂನನ್ನು ಕಂಠಪಾಠ ಹೇಳುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ. ಹೊಸ ಶಾಲೆಯಲ್ಲಿ ಹುಡುಗ ಒದ್ದಾಡಿದ. ವಿಜ್ಞಾನದ ಪ್ರಶ್ನೆಗೆ ಕನ್ನಡದಲ್ಲಿ ಬರೆಯಲು ಬಾರದು. ಇಂಗ್ಲಿಷಿನಲ್ಲಿ ಬರೆಯಲು ಬಾಯಿಪಾಠ ಮುಗಿದಿತ್ತು. ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಷ್ಟಪಟ್ಟು ದುಡಿಯುತ್ತಾನೆ, ಅವನ ಬಗ್ಗೆ ನನಗೆ ದೂರಿಲ್ಲ.

ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 88 ತೆಗೆದಳು. ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಮುಗಿಸಿದಳು. 2018ರಲ್ಲಿ ನರ್ಸಿಂಗ್ ಪದವಿಗೆ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೊದಲ ವರ್ಷದ ಹಣ ಕಟ್ಟಲು ಹದಿನೈದು ದಿನದ ಗಡುವು. ಹದಿನೈದು ದಿನ ಊರೆಲ್ಲ ತಿರುಗಿದೆ. ಇಡಲು ಬಳೆ ಇರಲಿಲ್ಲ. ಹದಿನಾರನೆಯ ದಿನ ಅವಳೇ, “ಬಿಡಪ್ಪ, ಬಿ.ಎ.ಗೆ ಸೇರುತ್ತೇನೆ” ಎಂದಳು. ಈಗ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಾಳೆ. ನರ್ಸುಗಳು ಓಡಾಡುವುದನ್ನು ದಿನವೂ ನೋಡುತ್ತಾಳೆ.

ನಾನು ಮಾಡಿದ ತಪ್ಪು ಮಗನನ್ನು ಓದಿಸಿದ್ದಲ್ಲ. ಹಣ ಬೇಕಾದ ಕಾಲ ಯಾವುದೆಂದು ತಿಳಿಯದೆ ಇದ್ದದ್ದು. ಅ ಆ ಇ ಈ ಕಲಿಯುವ ವಯಸ್ಸಿನಲ್ಲಿ ಸರ್ಕಾರ ಪುಸ್ತಕ ಕೊಡುತ್ತದೆ, ಸಮವಸ್ತ್ರ ಕೊಡುತ್ತದೆ. 2002ರಲ್ಲಿ ಶುರುವಾದ ಬಿಸಿಯೂಟ ಇದೆ, 2013ರಲ್ಲಿ ಸೇರಿದ ಹಾಲು ಇದೆ, ಆಮೇಲೆ ಮೊಟ್ಟೆಯೂ ಬಂತು. ನಮ್ಮ ಜೇಬಿಗೆ ಕೈ ಹಾಕದೆ ಮಗು ಓದಬಹುದಾದ ವರ್ಷಗಳು ಅವು. ಜೇಬಿಗೆ ಕೈ ಹಾಕಲೇಬೇಕಾದ ವರ್ಷಗಳು ಹದಿನೈದು ಹದಿನಾರು ತುಂಬಿದ ಮೇಲೆ ಬರುತ್ತವೆ: ಪಿಯುಸಿ, ಡಿಪ್ಲೊಮಾ, ನರ್ಸಿಂಗ್, ದೂರದ ಊರಿನ ಹಾಸ್ಟೆಲ್ಲು. ಅಲ್ಲಿ ಕಟ್ಟಿದ ರೂಪಾಯಿಗೆ ಕೈಯಲ್ಲೊಂದು ಕಸುಬು ಸಿಗುತ್ತದೆ. ಎಲ್.ಕೆ.ಜಿ.ಗೆ ಕಟ್ಟಿದ ರೂಪಾಯಿಗೆ ಟೈ ಸಿಗುತ್ತದೆ. ನಾವು ಮುಂಗಾರಿಗೇ ಬಾವಿಯ ನೀರೆಲ್ಲ ಎತ್ತಿ ಹೊಲಕ್ಕೆ ಬಿಟ್ಟು ಬೇಸಗೆಯಲ್ಲಿ ಬರಿಗೊಡ ಹಿಡಿದು ನಿಲ್ಲುತ್ತೇವೆ.

ಮೊದಲು ಹೇಳಿದ ಆ ಕೆಲಸಗಾರರಿಗೆ ಹೀಗೆ ಲೆಕ್ಕ ಹಾಕಿಕೊಟ್ಟೆ: 46,000 ಬಿಡಿ, ತಿಂಗಳಿಗೆ ಎರಡು ಸಾವಿರ ಮಾತ್ರ ತೆಗೆದಿಟ್ಟರೂ ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟು ಅಸಲೇ 2,40,000. ಹೆಣ್ಣುಮಗುವಾದರೆ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ಹತ್ತು ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಿ ತೆರೆಯಬಹುದು. ನಿಯಮದಂತೆ ಮುಂದಿನ ಓದಿಗೆ ಅದರಲ್ಲಿ ಅರ್ಧದವರೆಗೆ ತೆಗೆಯಲು ಬರುತ್ತದೆ. ಅವರು ಕೇಳಿಕೊಂಡರು. ತಲೆ ಕೆರೆದುಕೊಂಡರು. “ಆದರೆ ಅಣ್ಣಾ, ನಮ್ಮ ಕೇರಿ ಶಾಲೆಯಲ್ಲಿ ಮೇಷ್ಟರೇ ಇಲ್ಲವಲ್ಲ!” ಎಂದರು.

ಇದಕ್ಕೆ ನನ್ನ ಬಳಿ ಜಾಣ ಉತ್ತರವಿಲ್ಲ. ಅವರು ಹೇಳಿದ್ದು ನಿಜ. ಆ ಶಾಲೆಯಲ್ಲಿ ಒಂದರಿಂದ ಐದರವರೆಗೆ 94 ಮಕ್ಕಳು. 90 ದಾಟಿ 120ರವರೆಗೆ ಇದ್ದರೆ ನಾಲ್ವರು ಉಪಾಧ್ಯಾಯರಿರಬೇಕೆಂದು ಕಾಯಿದೆಯ ಅನುಸೂಚಿ ಹೇಳುತ್ತದೆ. ಇರುವವರು ಇಬ್ಬರು. ಅವರಲ್ಲೊಬ್ಬರು ವರ್ಷದಲ್ಲಿ ಎಷ್ಟೋ ದಿನ ಸಭೆ, ತರಬೇತಿ, ಮತಪಟ್ಟಿ ಎಂದು ಹೊರಗೆ. ಬಾಗಿಲು ಮುರಿದ ಕಕ್ಕಸು. ಇಂಥ ಶಾಲೆಗೇ ನಿಮ್ಮ ಮಗುವನ್ನು ಬಲಿ ಕೊಡಿ, ಸಿದ್ಧಾಂತಕ್ಕಾಗಿ ಸಹಿಸಿ ಎಂದು ಹೇಳುವಷ್ಟು ಕಲ್ಲೆದೆ ನನಗಿಲ್ಲ. ಮಗುವಿನ ಎರಡನೆಯ ತರಗತಿ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಆದರೆ ಒಂದು ಸರ್ಕಾರಿ ಶಾಲೆ ಕೆಟ್ಟಿದೆಯೆಂದು ಎದುರು ಸಿಕ್ಕಿದ ಖಾಸಗಿ ಶಾಲೆಗೆ ಓಡಬೇಕಾಗಿಲ್ಲ. ಅರ್ಧ ಮೈಲಿ ಆಚೆ ಇನ್ನೊಂದು ಸರ್ಕಾರಿ ಶಾಲೆ ಚೆನ್ನಾಗಿರಬಹುದು. ನಮ್ಮ ಊರುಗಳಲ್ಲಿ ಹಳೆಯ ಅನುದಾನಿತ ಶಾಲೆಗಳಿವೆ. ಅನುದಾನದ ಹುದ್ದೆಯ ಉಪಾಧ್ಯಾಯರ ಸಂಬಳ ಸರ್ಕಾರದ್ದು, ಖರ್ಚು ಕಡಿಮೆ. ಅವುಗಳನ್ನು ಯಾರೂ ವಿಚಾರಿಸುವುದೇ ಇಲ್ಲ, ಏಕೆಂದರೆ ಅವಕ್ಕೆ ವ್ಯಾನಿಲ್ಲ. ಐದನೆಯ ತರಗತಿ ಓದುವ ಮಗುವಿದ್ದರೆ ಆರನೆಯದಕ್ಕೆ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ನವೋದಯಕ್ಕೋ ಸೇರಬಹುದು. ಒಂದು ದಿನದ ಕೂಲಿ ಹೋದರೂ ಹೋಗಲಿ, ಶಾಲೆ ನಡೆಯುವ ಹೊತ್ತಿನಲ್ಲಿ ಹೋಗಿ ನೋಡಿ. ಬಣ್ಣ ನೋಡಬೇಡಿ. ಮೂರನೆಯ ತರಗತಿಯ ಯಾವುದಾದರೊಂದು ಮಗುವನ್ನು ಕರೆದು, ಅದು ಓದಿರದ ಒಂದು ಪುಟವನ್ನು ಓದಿಸಿ, ಓದಿದ್ದೇನೆಂದು ಕೇಳಿ. ಈ ಟೀಚರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ. ಖಾಸಗಿ ಶಾಲೆಯಾದರೆ ವರ್ಷದ ಒಟ್ಟು ಖರ್ಚನ್ನು, ಬೂಟು ವ್ಯಾನು ಸಹಿತ, ಕಾಗದದಲ್ಲಿ ಬರೆದುಕೊಡಿ ಎನ್ನಿ. ಬರೆದುಕೊಡಲು ಹಿಂಜರಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಮಗುವಿಗೋ ನಿಮಗೋ ಪರೀಕ್ಷೆ, ಸಂದರ್ಶನ ಮಾಡಿದರೆ ಅದು ಕಾಯಿದೆಯ 13ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ 25,000 ರೂಪಾಯಿಯವರೆಗೆ ದಂಡ. ರಸೀದಿಯಿಲ್ಲದ ವಂತಿಗೆ ಕೇಳಿದರೆ ಕೊಡಬೇಡಿ. ಇಷ್ಟೆಲ್ಲ ನೋಡಿದ ಮೇಲೆಯೂ ಆ ಖಾಸಗಿ ಶಾಲೆಯೇ ಉತ್ತಮ, ಸಾಲವಿಲ್ಲದೆ, ಮನೆಯ ಮಕ್ಕಳಿಗೆಲ್ಲ ಸಮನಾಗಿ, ಹತ್ತು ವರ್ಷ ಕಟ್ಟಬಲ್ಲೆ ಎಂದು ನಿಮ್ಮ ಲೆಕ್ಕ ಹೇಳಿದರೆ, ಸೇರಿಸಿ. ನಾನು ಅಡ್ಡ ಬರುವುದಿಲ್ಲ. ನಡುವೆ ಬಿಡಿಸಬೇಕಾಗಿ ಬರುವುದು ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ನನ್ನ ಮಗನಿಂದ ಕಲಿತಿದ್ದೇನೆ.

ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ನೂರಕ್ಕೆ ಇಪ್ಪತ್ತೈದು ಸೀಟು ಪುಕ್ಕಟೆ ಎಂದು ಕೇಳಿದ್ದೇವಲ್ಲ ಎನ್ನುವಿರಿ. ಕಾಯಿದೆಯಲ್ಲಿ ಅದು ಇದೆ, ಕೆಲವು ವರ್ಷ ನಮ್ಮಲ್ಲೂ ಜೋರಾಗಿ ನಡೆಯಿತು. ಆದರೆ 2019ರಲ್ಲಿ ಕರ್ನಾಟಕದ ನಿಯಮ ಬದಲಾಯಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ ಎಂದಾಯಿತು. ಅದೇ ವರ್ಷ ಮೇ 31ರಂದು ಹೈಕೋರ್ಟು ಅದನ್ನು ಒಪ್ಪಿತು. ಕೋಪ ಮಾಡಿಕೊಂಡವರು ಬಹಳ. ನನ್ನ ಅಭಿಪ್ರಾಯ ಬೇರೆ. ನಮ್ಮ ಮಕ್ಕಳ ಫೀಸನ್ನು ಖಾಸಗಿಯವರಿಗೆ ಕಟ್ಟುತ್ತಿದ್ದ ಸರ್ಕಾರ, ಆ ಹಣವನ್ನು ನಮ್ಮ ಶಾಲೆಗೇ ಹಾಕುತ್ತೇನೆಂದಿತು. ಹಾಕಿತೇ? ಕೇಳುವವರು ಬೇಕಲ್ಲ! ಫೀಸಿಗೆ ಕಡಿವಾಣ ಹಾಕೀತೆಂದರೆ ಅದೂ ಸುಲಭವಲ್ಲ. ಕರ್ನಾಟಕ ಶಿಕ್ಷಣ ಕಾಯಿದೆಯ ಶುಲ್ಕ ಗೊತ್ತುಮಾಡುವ 48ನೆಯ ಕಲಮು ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಸಲ್ಲದೆಂದು 2023ರ ಜನವರಿಯಲ್ಲಿ ಹೈಕೋರ್ಟು ಹೇಳಿತು.

ಕೇಳುವವರು ಬೇಕು ಎಂದೆ. ಇದೇ ನನಗೆ ಬಹಳ ದಿನದಿಂದ ಕೊರೆಯುತ್ತಿರುವ ಮಾತು. ದೇಶದ ಹಳ್ಳಿಗಳಲ್ಲಿ ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇಕಡಾ 65.6 ಎಂದು ‘ಅಸರ್’ ಸಮೀಕ್ಷೆ ಹೇಳಿತು. ಕೊರೋನಾ ಬಂದು ಕೂಲಿ ಹೋಯಿತು. 2022ರಲ್ಲಿ ಅದು 72.9ಕ್ಕೆ ಏರಿತು. ಮತ್ತೆ ಕೈಯಲ್ಲಿ ನಾಲ್ಕು ಕಾಸು ಆಡಿತು, 2024ರಲ್ಲಿ 66.8ಕ್ಕೆ ಇಳಿಯಿತು. ನಾವು ಸರ್ಕಾರಿ ಶಾಲೆಯನ್ನು ಮಳೆ ಬಂದಾಗ ನಿಲ್ಲುವ ಬಸ್ ಸ್ಟ್ಯಾಂಡಿನಂತೆ ಬಳಸುತ್ತೇವೆ. ಬಸ್ ಸ್ಟ್ಯಾಂಡಿನ ಸೂರು ಸೋರಿದರೆ ಯಾರೂ ಅರ್ಜಿ ಬರೆಯುವುದಿಲ್ಲ, ಮುಂದಿನ ಬಸ್ಸು ಹತ್ತುತ್ತಾರೆ. ಮೊದಲು ಅಮಲ್ದಾರರ ಮಗ ಹೋದ, ಆಮೇಲೆ ಡಾಕ್ಟರ ಮಗ, ಆಮೇಲೆ ಮೇಷ್ಟರ ಮಗನೇ ಹೋದ. ಈಗ ಅರ್ಜಿ ಬರೆಯಬಲ್ಲ ಕೆಲಸಗಾರನ ಮಗನೂ ಹೊರಟಿದ್ದಾನೆ. ಉಳಿದವರು ಅರ್ಜಿ ಬರೆಯಲಾರದವರ ಮಕ್ಕಳು. ಅಲಹಾಬಾದ್ ಹೈಕೋರ್ಟು 2015ರ ಆಗಸ್ಟಿನಲ್ಲಿ, ಸರ್ಕಾರದಿಂದ ಸಂಬಳ ಪಡೆಯುವವರೆಲ್ಲ ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸುವಂತೆ ಮಾಡಿ ಎಂದು ತೀರ್ಪು ಕೊಟ್ಟಿತ್ತು. ಅದು ಕಾಗದದಲ್ಲಿಯೇ ಉಳಿಯಿತು. ಶ್ರೀಮಂತನ ಮಗುವೂ ಬಡವನ ಮಗುವೂ ನೆರೆಯ ಒಂದೇ ಶಾಲೆಯಲ್ಲಿ ಓದಬೇಕು, ರಾಷ್ಟ್ರದ ವರಮಾನದಲ್ಲಿ ನೂರಕ್ಕೆ ಆರನ್ನು ವಿದ್ಯೆಗೆ ಕೊಡಬೇಕು ಎಂದು ಕೊಠಾರಿ ಆಯೋಗ 1966ರಲ್ಲಿಯೇ ವರದಿ ಮಾಡಿತ್ತು. 2020ರ ಹೊಸ ಶಿಕ್ಷಣ ನೀತಿಯಲ್ಲಿಯೂ ಅದೇ ನೂರಕ್ಕೆ ಆರರ ಮಾತು. ಐವತ್ತನಾಲ್ಕು ವರ್ಷ ಒಂದೇ ವಾಗ್ದಾನ! ನಮ್ಮ ಗಿರಣಿ ಮಾಲೀಕರೂ ಬೋನಸ್ಸಿಗೆ ಇಷ್ಟು ಸತಾಯಿಸಲಿಲ್ಲ.

ದೆಹಲಿಯ ಆರನ್ನು ನಾವು ಇಂದು ರಾತ್ರಿ ತರಲಾರೆವು. ಕೇರಿಯ ಶಾಲೆಗೆ ಇನ್ನಿಬ್ಬರು ಉಪಾಧ್ಯಾಯರನ್ನು ತರುವುದು ಅಷ್ಟು ದೂರದ ಮಾತಲ್ಲ. ಶಾಲಾಭಿವೃದ್ಧಿ ಸಮಿತಿ ಎಂಬುದೊಂದಿದೆ. ನಾಲ್ವರಲ್ಲಿ ಮೂವರು ತಂದೆತಾಯಂದಿರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯಿದೆಯೇ ಹೇಳುತ್ತದೆ. ನಮ್ಮ ಶಾಲೆಯ ಸಮಿತಿಯ ಕಳೆದ ಸಭೆಯ ಪುಸ್ತಕ ನೋಡಿದೆ: ಏಳು ಹೆಬ್ಬೆಟ್ಟು, ಸಹಿ ಎರಡು, ಚರ್ಚೆಯ ವಿಷಯ ‘ಸ್ವಾತಂತ್ರ್ಯೋತ್ಸವಕ್ಕೆ ಸಿಹಿ ಹಂಚುವುದು’. ಬೋನಸ್ಸಿಗಾಗಿ ಹನ್ನೆರಡು ದಿನ ಗೇಟಿನ ಮುಂದೆ ಕೂತ ಜನ ನಾವು. ಅದರಲ್ಲಿ ಅರ್ಧ ದಿನ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯ ಮುಂದೆ ಕೂತಿದ್ದೇವೆಯೇ?

ಅರ್ಜಿ ತಯಾರಾಗಿದೆ. 94 ಮಕ್ಕಳ ಹಾಜರಿ, ಬೇಕಾದ ಉಪಾಧ್ಯಾಯರು ನಾಲ್ಕು, ಇರುವವರು ಎರಡು, ಕಕ್ಕಸಿನ ಬಾಗಿಲು ಒಂದು. ಬರುವ ಶನಿವಾರ ಮೊದಲ ಪಾಳಿ ಬಿಟ್ಟ ಮೇಲೆ ಮೂರೂವರೆಗೆ ಶಾಲೆಯ ಅಂಗಳದಲ್ಲಿ ಸೇರಿ ಅಲ್ಲಿಂದ ಹೊರಡುವುದು. ಪೇಟೆಯ ಗೆಳೆಯರು ಒಂದು ಗಂಟೆ ಅಂಗಡಿಯನ್ನು ಮನೆಯವರಿಗೆ ಒಪ್ಪಿಸಿ ಬನ್ನಿ. ಮಗುವನ್ನು ಈಗಾಗಲೇ ಖಾಸಗಿ ಶಾಲೆಗೆ ಸೇರಿಸಿದವರೂ ಬರಬಹುದು, ಸಂಕೋಚ ಬೇಡ. ಸಹಿ ಹಾಕುವವರಿಗಾಗಿ ಅರ್ಜಿಯನ್ನು ಹಿಡಿದುಕೊಂಡು ನನ್ನ ಮಗಳು ಬಾಗಿಲ ಹತ್ತಿರ ಕೂತಿದ್ದಾಳೆ. ಬರೆದವಳೂ ಅವಳೇ.